ನೂರು ಆಡು ನಮಗ್ಯಾಕೆ ಬೇಡ

ಆಡು ಸಾಕಿ ತಿಂಗಳಿಗೆ ಲಕ್ಷ ದುಡಿಯಿರಿ ಅನ್ನುವ ವಿಡಿಯೋಗಳನ್ನು ನೆಂಟರು, ಕಾಲೇಜಿನ ಗೆಳತಿಯರು, ಊರಿನ ಹುಡುಗರು ಎಲ್ಲರೂ ನನಗೇ ಕಳಿಸುತ್ತಾರೆ. ಜೊತೆಗೊಂದು ಪ್ರಶ್ನೆ ಬೇರೆ. "ಗುಡ್ಡ ಇದೆ, ಜಾಗ ಇದೆ, ಆಡೂ ಇವೆ. ಯಾಕೆ ಹತ್ತು-ಹನ್ನೆರಡಕ್ಕೇ ನಿಂತಿದ್ದೀರಿ? ನೂರು ಮಾಡಿ." ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾಗಿದೆ. ಇಲ್ಲೇ ಒಮ್ಮೆ ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಗುಳೇದಗುಡ್ಡ, ಬಾದಾಮಿ ಕಡೆಯ ಕೆಂಪು ಕಲ್ಲಿನ ಗುಡ್ಡದ ಸಾಲು ನೋಡಿದ್ದೀರಲ್ಲ, ಅದರ ಬುಡದಲ್ಲಿ ನಮ್ಮ ಮನೆ. ಊರೊಳಗಲ್ಲ, ಹೊಲದಲ್ಲೇ. ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ. ಚಿಕ್ಕೋಡಿ, ಅಥಣಿ ಕಡೆ ತೋಟದಲ್ಲೇ ಮನೆ ಮಾಡಿಕೊಂಡವರು ಎಷ್ಟು ಜನ ಇದ್ದಾರೆ ಅಂದರೆ ಅವರ ಮಕ್ಕಳಿಗಾಗಿ ತೋಟದ ಶಾಲೆಗಳೇ ಇವೆ. ನಮ್ಮದು ತೋಟವೂ ಅಲ್ಲ, ಒಣಭೂಮಿ. ವರ್ಷದ ಮಳೆ 600 ಮಿಲಿಮೀಟರ್ ಮುಟ್ಟಿದರೆ ಅದು ಒಳ್ಳೆ ವರ್ಷ. ಒಂದು ಬೋರ್ ಇದೆ, ಬೇಸಿಗೆಯಲ್ಲಿ ಸ್ವಲ್ಪ ಹೊತ್ತು ನೀರು ಕೊಟ್ಟು ಬರೀ ಗಾಳಿ ಬಿಡುತ್ತದೆ. ಅತ್ತೆ, ಮಾವ, ನಾವಿಬ್ಬರು, ಮಗಳು, ಮಗ. ಎರಡು ಎಮ್ಮೆ, ಒಂದು ಜೋಡಿ ಎತ್ತು, ಆಡುಗಳು, ಜವಾರಿ ಕೋಳಿಗಳು, ಒಂದು ನಾಯಿ. ಬಂದವರಿಗೆಲ್ಲ ಮಗ ಅದನ್ನು ಮುಧೋಳ ನಾಯಿ ಅಂತ ಪರಿಚಯ ಮಾಡಿಕೊಡುತ್ತಾನೆ. ಸುಳ್ಳು. ಮುಧೋಳ ನಾಯಿ ಸೇನೆಗೆ ಹೋಗಿದೆ, ನಮ್ಮದು ತಿಪ್ಪೆ ದಾಟಿ ಆಚೆ ಹೋಗಲ್ಲ. ಆದರೆ ಗುಡ್ಡದ ಕಡೆ ತೋಳ ಸುಳಿದರೆ ಮೊದಲು ಗೊತ್ತಾಗೋದು ಅದಕ್ಕೇ.

ಫೋಟೋ ಹಾಕಿದಾಗ "ಎಷ್ಟು ನೆಮ್ಮದಿ, ಪುಣ್ಯವಂತರು" ಅಂತ ಕಾಮೆಂಟು ಬರುತ್ತದೆ. ಬೇಜಾರಿಲ್ಲ, ಪ್ರೀತಿಯಿಂದಲೇ ಬರೆಯುತ್ತೀರಿ. ಆದರೆ ಒಂದು ವಿಷಯ ಹೇಳಲಾ? ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಾವೆಲ್ಲ ಒಟ್ಟಿಗೆ ಒಂದು ಮದುವೆಗೂ ಹೋಗಿಲ್ಲ. ಬನಶಂಕರಿ ಜಾತ್ರೆ ಪಕ್ಕದಲ್ಲೇ ಆಗುತ್ತದೆ, ಅದಕ್ಕೂ ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ. "ಎಲ್ಲಾರೂ ಒಮ್ಮೆ ಹೊಂಟ್ರ ಬಾಯಿಲ್ಲದ ಜೀವಕ್ಕ ನೀರ್ ಯಾರ್ ಕುಡಸ್ತಾರವಾ?" ಅಂತ ಅತ್ತೆ ಕೇಳುತ್ತಾರೆ. ಅದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಎಮ್ಮೆಗಂತೂ ಹಿಂಡುವವರ ಕೈ ಬದಲಾದರೆ ಆಗೋದೇ ಇಲ್ಲ. ಒಮ್ಮೆ ನಾನು ತವರಿಗೆ ಹೋದಾಗ ನಮ್ಮನೆಯವರು ನನ್ನ ಹಳೇ ಇಳಕಲ್ ಸೀರೆ ತಲೆ ಮೇಲೆ ಹೊದ್ದುಕೊಂಡು ಹಿಂಡಲು ಕೂತರಂತೆ. ಎಮ್ಮೆ ಮೋಸ ಹೋಯಿತು. ನಾಯಿ ಮಾತ್ರ ಸೀರೆ ಉಟ್ಟ ಮೀಸೆಯನ್ನು ನೋಡಿ ಊರಿಗೆಲ್ಲ ಕೇಳುವಂತೆ ಬೊಗಳಿತು. ಈಗಲೂ ನೆಂಟರು ಬಂದರೆ ಈ ಕಥೆ ಆಗಲೇಬೇಕು.

ಸರಿ, ವಿಷಯಕ್ಕೆ ಬರುತ್ತೇನೆ. ಹೊರಗಿನವರಿಗೆ ನಮ್ಮ ಕೊಟ್ಟಿಗೆಯಲ್ಲಿ ಕಾಣೋದು ಬರೀ ದನ ಮತ್ತು ಆಡು. ನಮಗೆ ಹಾಗಲ್ಲ. ಅಲ್ಲಿರುವ ಪ್ರತಿ ಜೀವಕ್ಕೂ ಒಬ್ಬೊಬ್ಬ ಯಜಮಾನ. ಎತ್ತು ಮಾವನವರದು. ಕಾರಹುಣ್ಣಿಮೆಗೆ ಕೋಡಿಗೆ ಯಾವ ಬಣ್ಣ ಅನ್ನುವುದರಿಂದ ಹಿಡಿದು ಎಲ್ಲದರಲ್ಲೂ ಅವರ ಮಾತೇ ನಡೆಯಬೇಕು. ಎಮ್ಮೆ ಹಾಲಿನ ದುಡ್ಡು ನನ್ನದು. ನಮ್ಮವು ಧಾರವಾಡಿ ಎಮ್ಮೆ, 2021ರಲ್ಲಿ ತಳಿ ಅಂತ ಅಧಿಕೃತವಾಗಿ ನೋಂದಣಿ ಆಯಿತಲ್ಲ, ಅದೇ. ಧಾರವಾಡ ಪೇಡೆಗೆ ಹೆಸರು ತಂದ ಹಾಲು. ದಿನಕ್ಕೆ ಮೂರು ಲೀಟರ್ ಆಸುಪಾಸು ಕೊಡುತ್ತವೆ, ಹೆಚ್ಚು ಹಾಲಿನ ಮುರ್ರಾ ತಳಿಯ ಎಮ್ಮೆ ಇಟ್ಟವರು ನೋಡಿ ನಗುತ್ತಾರೆ. ನಗಲಿ. ಒಣ ಕಣಿಕೆ ತಿಂದು, ಈ ಬಿಸಿಲು ತಡೆದು ಹಾಲು ಕೊಡುತ್ತವಲ್ಲ. ಮನೆಗೆ ಮೊಸರು-ಮಜ್ಜಿಗೆಗೆ ಇಟ್ಟು ಉಳಿದದ್ದು ವರ್ತನೆ ಮನೆಗಳಿಗೆ ಹೋಗುತ್ತದೆ. ಸಂತೆ, ಮಕ್ಕಳ ಪಟ್ಟಿ-ಪುಸ್ತಕ, ಮೊಬೈಲ್ ರೀಚಾರ್ಜ್ ಎಲ್ಲ ಅದರಲ್ಲೇ. ಕೋಳಿ ಮೊಟ್ಟೆ ಮಗನದು.

ಇನ್ನು ಆಡು. ಅವುಗಳಲ್ಲಿ ಹೆಚ್ಚಿನವು ಅತ್ತೆಯವು. ಒಂದು ನನ್ನದು, ಮೊದಲ ಪಂಚಮಿಗೆ ಅಣ್ಣ ಉಂಡಿ ಡಬ್ಬಿ ಜೊತೆ ತಂದುಬಿಟ್ಟ ಆಡಿನ ಮೊಮ್ಮಗಳು. ಒಂದು ಮರಿ ಮಗಳದು, ಅಜ್ಜಿ ಕೊಟ್ಟದ್ದು. ಅಮೀನಗಡದ ಸಂತೆಯಲ್ಲಿ ಹೋತ ಮಾರಿದರೆ ಆ ದುಡ್ಡು ಅತ್ತೆಯ ಎಲೆಅಡಿಕೆ ಚಂಚಿಗೆ ಹೋಗುತ್ತದೆ. ಅಲ್ಲಿಂದ ಯಾವಾಗ, ಯಾರಿಗೆ ಹೊರಗೆ ಬರುತ್ತದೆ ಅನ್ನೋದು ಅವರಿಗೆ ಬಿಟ್ಟ ವಿಚಾರ. ನಾದಿನಿಯ ಬಾಣಂತನಕ್ಕೆ ಬಂದಿದೆ. ಮಾವನವರ ಕಣ್ಣಿನ ಆಪರೇಷನ್ನಿಗೆ ಬಂದಿದೆ. ನನ್ನ ಬಿ.ಎಡ್. ಫೀಸಿಗೆ ಗಂಡ ಇನ್ನೂ ಯೋಚನೆ ಮಾಡುತ್ತಿದ್ದಾಗ ಸುಮ್ನೆ ಚಂಚಿ ಬಿಚ್ಚಿ ಕೈಗೆ ಕೊಟ್ಟವರು ಅತ್ತೆ. ಕೇಳಿಯೂ ಇರಲಿಲ್ಲ ನಾನು.

ನೂರು ಆಡಿನ ಶೆಡ್ ಬೇಡ ಅನ್ನಲು ನನ್ನ ಮೊದಲ ಕಾರಣವೇ ಇದು. ಶೆಡ್ ಕಟ್ಟಲು ಸಾಲ ಬೇಕು. ಸಾಲಕ್ಕೆ ಉತಾರ, ಅಂದರೆ ಹೊಲದ ಪಹಣಿ ಬೇಕು. ಉತಾರ ಯಾರ ಹೆಸರಲ್ಲಿದೆ? ಮಾವನವರ ಹೆಸರಲ್ಲಿ, ನಾಳೆ ನಮ್ಮನೆಯವರ ಹೆಸರಿಗೆ. ಅಲ್ಲಿಗೆ ಆಡೂ ಅವರವೇ, ಖಾತೆಯೂ ಅವರದೇ, ವ್ಯಾಪಾರಿಯ ಫೋನು ಬರೋದೂ ಅವರಿಗೇ. ಅತ್ತೆ ಅದೇ ಕೊಟ್ಟಿಗೆಯಲ್ಲಿ ಅದೇ ಕಸ ಹೊಡೆಯುತ್ತಾರೆ, ಆದರೆ ಚಂಚಿ ಖಾಲಿ. ನಮ್ಮ ಮನೆಯ ಗಂಡಸರು ಕೆಟ್ಟವರು ಅಂತ ಹೇಳುತ್ತಿಲ್ಲ, ಅವರೂ ಇದನ್ನು ಓದುತ್ತಾರೆ. ಕಾಗದ-ಪತ್ರದ ದಾರಿಯೇ ಹಾಗಿದೆ. ಸಣ್ಣದಾಗಿ ಇರುವವರೆಗೆ ದುಡ್ಡು ನಾಲ್ಕು ಕೈಯಲ್ಲಿ ಇರುತ್ತದೆ. ದೊಡ್ಡದಾದರೆ ಒಂದೇ ಕೈಗೆ ಸೇರುತ್ತದೆ, ಆ ಕೈಯಿಂದ ಕಂತು ಕಟ್ಟಲು ಹೋಗುತ್ತದೆ.

ಎರಡನೇ ಕಾರಣ ಗುಡ್ಡ. "ಆಡು ಮುಟ್ಟದ ಸೊಪ್ಪಿಲ್ಲ" ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಗಾದೆ ಕಟ್ಟಿದವರು ಆಡಿನ ಹಿಂದೆ ಗುಡ್ಡ ಹತ್ತಿರಲಿಕ್ಕಿಲ್ಲ. ನಮ್ಮ ಗುಡ್ಡದ ತುಂಬ ಸೀತಾಫಲ ಇದೆ, ಅದರ ಎಲೆಗೆ ಆಡು ಬಾಯಿ ಹಾಕಲ್ಲ. ಬಂದರಿಕೆಗೂ ಅಷ್ಟೇ, ಮೂಸಿ ಮುಂದೆ ಹೋಗುತ್ತದೆ. ಆ ಎರಡೇ ಗಿಡ ಅರ್ಧ ಗುಡ್ಡ ಹಿಡಿದಿವೆ. ಉಳಿದದ್ದು ಜಾಲಿ, ಬೋರೆ, ಕಾರೆ, ಕವಳಿ, ಅಲ್ಲಲ್ಲಿ ಬೇವು. ಮಳೆಗಾಲದಲ್ಲಿ ನೋಡಿದವರಿಗೆ ಇಡೀ ಗುಡ್ಡ ಮೇವು ಅನ್ನಿಸುತ್ತದೆ. ಮೇ ತಿಂಗಳಲ್ಲಿ ಬಂದು ನೋಡಿ. ಮಾವ ಜಾಲಿ ಟೊಂಗೆಯನ್ನು ಕೊಕ್ಕೆಯಿಂದ ಎಳೆದು, ಕಾಯಿ ಉದುರಿಸಿ, ಒಂದೊಂದು ಆಡಿಗೂ ಪಾಲು ಸಿಕ್ಕಿತಾ ಅಂತ ನೋಡುತ್ತ ನಿಂತಿರುತ್ತಾರೆ. ಜೋರಿನ ಹೋತ ಒಂದೇ ಎಲ್ಲ ತಿಂದುಬಿಡುತ್ತದೆ, ಅದನ್ನು ಬೈಯಲು ಅವರ ಹತ್ತಿರ ಬೇರೆಯೇ ಶಬ್ದಗಳಿವೆ, ಇಲ್ಲಿ ಬರೆಯೋಕಾಗಲ್ಲ.

ಲೆಕ್ಕ ಹಾಕೋಣ. ಒಂದು ದೊಡ್ಡ ಆಡಿಗೆ ದಿನಕ್ಕೆ ಮೂರ್ನಾಲ್ಕು ಕಿಲೋ ಹಸಿ ಮೇವು, ಮೇಲೆ ಸ್ವಲ್ಪ ಹೊಟ್ಟು ಬೇಕು. ನೂರಕ್ಕೆ ಮುನ್ನೂರು-ನಾನೂರು ಕಿಲೋ. ದಿನಾ. ಬೇಸಿಗೆಯಲ್ಲಿ ಕುಡಿಯೋಕೇ ನೂರಾರು ಲೀಟರ್ ನೀರು. ಹೊಲದ ಮನೆಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ಬರೋದೇ ರಾತ್ರಿ. ಈಗಲೇ ನಮ್ಮನೆಯವರು ಬ್ಯಾಟರಿ ಹಿಡಿದು, ಹಾವು ನೋಡಿಕೊಂಡು ಮೋಟರ್ ಚಾಲೂ ಮಾಡಲು ಹೋಗುತ್ತಾರೆ. ನಮ್ಮ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಬಿಳಿಜೋಳದ ಕಣಿಕೆ ಬಣವೆ ಈಗಿರುವ ಜೀವಕ್ಕೆ ಮೃಗಶಿರ ಮಳೆಯವರೆಗೆ ಸರಿಯಾಗಿ ಸಾಲುತ್ತವೆ. ಮಳೆ ಹಿಂದೆ ಬಿದ್ದರೆ ಅದೂ ಇಲ್ಲ. ನಮ್ಮ ಕೊಟ್ಟಿಗೆಯಲ್ಲಿ ಎಷ್ಟು ಜೀವ ಇರಬೇಕು ಅಂತ ಹೇಳೋದು ಬಣವೆ, ಬ್ಯಾಂಕಲ್ಲ.

ಇಷ್ಟಾದರೂ ಕೇಂದ್ರ ಸರ್ಕಾರದ ಒಂದು ಯೋಜನೆ ಶುರುವಾಗೋದೇ ನೂರರಿಂದ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಆಡು-ಕುರಿ ಉದ್ಯಮಕ್ಕೆ ಕೊಡುವ ಸಹಾಯಧನ ನೋಡಿ. ಎಲ್ಲಕ್ಕಿಂತ ಸಣ್ಣ ಘಟಕ 100 ಹೆಣ್ಣು, 5 ಗಂಡು. ಖರ್ಚಿನ ಅರ್ಧ ಸರ್ಕಾರದ್ದು, ಗರಿಷ್ಠ 10 ಲಕ್ಷ. 500 ಹೆಣ್ಣು, 25 ಗಂಡಿನ ಘಟಕಕ್ಕೆ 50 ಲಕ್ಷದವರೆಗೂ ಇದೆ. ಉಳಿದ ಅರ್ಧ ಕೈಯಿಂದ ಇಲ್ಲವೇ ಸಾಲದಿಂದ. ಇದು ತಪ್ಪು ಯೋಜನೆ ಅನ್ನಲ್ಲ. ಜಮಖಂಡಿ, ಮುಧೋಳದ ನೀರಾವರಿ ಕಡೆ ಕಬ್ಬಿನ ಸೋಗೆ ಸಿಗುತ್ತದೆ, ಬದುವಿಗೆ ನೇಪಿಯರ್, ಬೇಲಿಮೆಂತ್ಯ, ನುಗ್ಗೆ ಹಾಕಿಕೊಳ್ಳಬಹುದು. ನೀರಿದ್ದವರು, ಮೇವು ಬೆಳೆದ ಮೇಲೆ ಆಡು ತಂದವರು ಚೆನ್ನಾಗಿ ಮಾಡುತ್ತಾರೆ. ನನ್ನ ಪ್ರಶ್ನೆ ಇಷ್ಟೇ. ಹತ್ತು ಆಡಿನವರಿಗೆ ಈ ಯೋಜನೆಯಲ್ಲಿ ಏನಿದೆ? ಗುಡ್ಡದ ಬುಡದ ಹಳ್ಳಿಗಳಲ್ಲಿ ಇರುವವರೆಲ್ಲ ಹತ್ತು ಆಡಿನವರೇ ಅಲ್ವಾ?

ಇನ್ನೊಂದು ಮಾತು, ವಿಡಿಯೋದಲ್ಲಿ ಯಾರೂ ತೋರಿಸಲ್ಲ. ಆಡಿನ ಗಬ್ಬ ಐದು ತಿಂಗಳದು, ಎಷ್ಟೋ ಸಲ ಈಯೋದು ನಮಗೆ ನಿದ್ದೆ ಹತ್ತಿದ ಮೇಲೆ. ಈ ಮಳೆಗಾಲದಲ್ಲಿ ನಮ್ಮ ಚುಕ್ಕಿ ಅನ್ನುವ ಆಡು ಅವಳಿ ಹಾಕಿತು. ಮೊದಲ ಮರಿ ಎದ್ದು ನಿಂತಿತು, ಎರಡನೇದು ಬಿದ್ದಲ್ಲೇ ಬಿತ್ತು. ಅತ್ತೆ ಗೋಣಿ ತಟ್ಟಿನಿಂದ ಅದರ ಮೈ ತಿಕ್ಕುತ್ತ, ಮೂಗಿನ ಲೋಳೆ ಬೆರಳಿನಿಂದ ತೆಗೆದು, ಹಿಂಗಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನು ತಟ್ಟಿದರು. ಒಂದು ಸೀನು ಬಂತು. "ಬದುಕ್ತು ಬಿಡ, ದೀಪ ಹಿಡಿ" ಅಂದರು. ಹೊಕ್ಕಳಿಗೆ ಬೂದಿ-ಅರಿಶಿಣ ಹಚ್ಚೋದು ಅವರ ಪದ್ಧತಿ. ಮಗಳು ಅಯೋಡಿನ್ ಬಾಟಲಿ ಹಿಡಿದು ಬಂದಳು, "ಅಜ್ಜಿ, ಇದ ಹಚ್ಚು, ಡಾಕ್ಟರ್ ಹೇಳ್ಯಾರ". ಸ್ವಲ್ಪ ಹೊತ್ತು ಇಬ್ಬರಿಗೂ ಜಗಳ, ಕೊನೆಗೆ ಅಯೋಡಿನ್ ಗೆದ್ದಿತು. ಗಿಣ್ಣದ ಹಾಲನ್ನು ಬೆರಳಿನಲ್ಲಿ ಚೀಪಿಸಿ, ಆಮೇಲೆ ಮೊಲೆಗೆ ಹಿಡಿದರು. ಮೊದಲ ಒಂದೆರಡು ತಾಸಿನಲ್ಲಿ ಅದು ಹೊಟ್ಟೆಗೆ ಹೋಗದಿದ್ದರೆ ಮರಿ ಉಳಿಯೋದು ಕಷ್ಟ. ನೂರರ ಶೆಡ್ಡಿನಲ್ಲಿ ಒಂದೇ ರಾತ್ರಿ ಐದಾರು ಈದರೆ ಯಾರು ಕೂರುತ್ತಾರೆ? ಆಳು ಇಡಿ ಅನ್ನುತ್ತಾರೆ. ಆಳಿಗೆ ಕೊಡುವ ಪಗಾರದಲ್ಲಿ ನಮ್ಮ ಮನೆಯೇ ನಡೆಯುತ್ತದೆ.

ರೋಗದ ಮಾತಂತೂ ಬೇಡ. ಆಡು-ಕುರಿಗೆ ಬರುವ ಪಿಪಿಆರ್ ಅನ್ನುವ ಅಂಟುರೋಗದ ಲಸಿಕೆ, ಮಳೆಗೆ ಮುಂಚೆ ಕರುಳುಬೇನೆ ಲಸಿಕೆ, ಜಂತಿನ ಔಷಧ, ಎಮ್ಮೆ-ಎತ್ತಿಗೆ ಕಾಲುಬಾಯಿ ಬೇನೆಯ ಸೂಜಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಎತ್ತು ಇದ್ದವರಿಗೆ ಹೇಗಾಗಿತ್ತು ಅಂತ ಹಳ್ಳಿಯವರಿಗೆ ನೆನಪಿದೆ. ಹತ್ತು ಆಡಿನಲ್ಲಿ ಒಂದು ಮಂಕಾಗಿ ನಿಂತರೆ ಅತ್ತೆಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ನೂರರಲ್ಲಿ ಗೊತ್ತಾಗೋ ಹೊತ್ತಿಗೆ ಹತ್ತು ಮಂಕಾಗಿರುತ್ತವೆ.

ನಮಗೆ ಬೇಕಾದದ್ದು ಕಡಿಮೆ, ಆದರೆ ಕೇಳುವವರಿಲ್ಲ. ಬೇಸಿಗೆಯಲ್ಲಿ ಹತ್ತಿರದಲ್ಲೇ ಮೇವು ಸಿಗಬೇಕು. ಹೊಲದ ಮನೆಗೆ ರಾತ್ರಿ-ಹಗಲು ಸಿಂಗಲ್ ಫೇಸ್ ಕರೆಂಟು ಇರಬೇಕು. 1962ಕ್ಕೆ ಫೋನ್ ಮಾಡಿದರೆ ಪಶು ವೈದ್ಯರ ಗಾಡಿ ಬರುತ್ತದೆ, ಒಳ್ಳೆ ಕೆಲಸ, ಆ ಗಾಡಿ ನಮ್ಮ ಮನೆ ತನಕ ಬರಲು ರಸ್ತೆ ಬೇಕು. ಐದು ಆಡಿಗೂ ಸಹಾಯಧನ ಇರಲಿ, ಅದು ಉತಾರ ಇಲ್ಲದ ಹೆಂಗಸಿನ ಹೆಸರಿಗೇ ಬರಲಿ. ಇದಿಷ್ಟು ಆದರೆ ನಮ್ಮ ಹತ್ತು ತಾವಾಗೇ ಹದಿನೈದು ಆಗುತ್ತವೆ.

ಹಾಗಾದರೆ ಹೊಸದಾಗಿ ಶುರು ಮಾಡುವವರು ಏನು ಮಾಡಬೇಕು ಅಂತ ಕೆಲವರು ಕೇಳುತ್ತೀರಿ. ನಮ್ಮ ಕಡೆ ಹಳೇ ದಾರಿ ಒಂದಿದೆ, ಪಾಲಿಗೆ ಸಾಕೋದು. ಆಡು ಒಬ್ಬರದು, ಮೇಯಿಸೋದು ಇನ್ನೊಬ್ಬರು, ಹುಟ್ಟಿದ ಮರಿ ಇಬ್ಬರಿಗೂ ಅರ್ಧರ್ಧ. ಬಂಡವಾಳ ಬೇಡ, ಉತಾರ ಬೇಡ. ಒಂದೆರಡು ವರ್ಷದಲ್ಲಿ ನಿಮ್ಮ ಕೊಟ್ಟಿಗೆಯಲ್ಲಿ ನಿಮ್ಮವೇ ಮೂರ್ನಾಲ್ಕು ಆಡು ನಿಲ್ಲುತ್ತವೆ. ಆಡು ಸಾಕೋದು ನಿಮ್ಮಿಂದ ಆಗುತ್ತಾ ಇಲ್ವಾ ಅಂತಲೂ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಸಂತೆಯಲ್ಲಿ ಗೊತ್ತಿಲ್ಲದ ಆಡು ಕೊಂಡು, ಅದರ ಜೊತೆ ರೋಗವನ್ನೂ ಮನೆಗೆ ತರೋದಕ್ಕಿಂತ ಇದು ಎಷ್ಟೋ ವಾಸಿ.

ಅತ್ತೆಯ ಹತ್ತಿರ ಈಗ ಪಾಲಿಗೆ ಕೊಡುವಂಥ ಎರಡು ಹೆಣ್ಣಾಡು ಇವೆ. ಗುಳೇದಗುಡ್ಡದ ಆಸುಪಾಸಿನವರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ದಾರಿ ಹೇಳುತ್ತೇನೆ. ಆದರೆ ಮಾತುಕತೆ ಅವರ ಜೊತೆಗೇ ಆಗಬೇಕು. ನನ್ನ ಜೊತೆ ಅಲ್ಲ, ನಮ್ಮನೆಯವರ ಜೊತೆಯಂತೂ ಅಲ್ಲ.