ಬಿ.ಪಿ.ಎಡ್ (ಪಿಟಿ ಮಾಸ್ತರ್ ಆಗೋ ಕೋರ್ಸ್) ಮಾಡ್ಲಿಕ್ಕೆ ಮೂರು ಲಕ್ಷ ಸಾಲ: ಮಾಡಬೇಕಾ, ಬ್ಯಾಡಾ?

ಪರ: ಮಾಡ್ಲಿ ಬಿಡ್ರಿ

ನಮ್ಮ ಕಲಬುರಗಿ ಕಡೆ ಹುಡುಗ ಎಂಜಿನಿಯರಿಂಗ್ ಅಂದ್ರ ಹತ್ತು ಲಕ್ಷ ಸಾಲಕ್ಕೂ ಮನ್ಯಾಗ ಯಾರೂ ತಕರಾರು ತಗಿಯಂಗಿಲ್ಲ, ಅದೇ ಬಿ.ಪಿ.ಎಡ್ ಅಂದ ಕೂಡ್ಲೇ "ಆಟ ಆಡ್ಲಿಕ್ಕೆ ಯಾಕೋ ತಮ್ಮಾ ಸಾಲ" ಅಂತ ಶುರು. ಡಿಗ್ರಿ ಮುಗಿಸಿದವರಿಗೆ ಇದು ಎರಡೇ ವರ್ಷ, ನಾಲ್ಕು ಸೆಮಿಸ್ಟರ್. ಫೀಸು, ಹಾಸ್ಟೆಲ್, ಶೂ, ಕಿಟ್, ಓಡಾಟ ಎಲ್ಲಾ ಕೂಡಿ ಮೂರು ಲಕ್ಷ ಅಂತ ಹಿಡೀರಿ. ನಾಲ್ಕು ಲಕ್ಷದೊಳಗಿನ ಎಜುಕೇಶನ್ ಲೋನಿಗೆ ಬ್ಯಾಂಕಿನ ರೂಲ್ಸ್ ಪ್ರಕಾರ ಹೊಲ-ಮನಿ ಅಡ ಇಡೋದು ಬ್ಯಾಡ, ಓದೋ ಎರಡು ವರ್ಷ ಮತ್ತ ಅದರ ಮ್ಯಾಲೊಂದು ವರ್ಷ ಕಂತೂ ಇಲ್ಲ. ಸಾವಕಾರನ ಹತ್ರ ತಿಂಗಳಿಗೆ ನೂರಕ್ಕ ಮೂರರ ಬಡ್ಡಿಗೆ ತಂದಂಗ ಅಲ್ಲ ಇದು.

ಇನ್ನ ಪಗಾರದ ಮಾತು. ಕೇಂದ್ರೀಯ ವಿದ್ಯಾಲಯದಾಗ ಟಿಜಿಟಿ ದರ್ಜೆಯ (ಆರರಿಂದ ಹತ್ತನೇ ಕ್ಲಾಸಿಗೆ ಕಲಿಸೋ) ಪಿಟಿ ಮಾಸ್ತರ್‌ಗೆ ಬೇಸಿಕ್ಕೇ 44,900, ಡಿಎ, ಎಚ್‌ಆರ್‌ಎ ಬ್ಯಾರೆ. ಇನ್ನೆರಡು ವರ್ಷ ಎಂ.ಪಿ.ಎಡ್ ಮಾಡಿ ನೆಟ್ ಇಲ್ಲಾ ಕೆ-ಸೆಟ್ (ಕಾಲೇಜಿನಾಗ ಕಲಿಸೋ ಅರ್ಹತಾ ಪರೀಕ್ಷೆ) ಪಾಸಾದ್ರ ಡಿಗ್ರಿ ಕಾಲೇಜಿನ ಫಿಜಿಕಲ್ ಡೈರೆಕ್ಟರ್ ಆಗಬಹುದು, ಯುಜಿಸಿ ಸ್ಕೇಲ್‌ನಾಗ ಶುರುವೇ 57,700. ಅದರ ಮ್ಯಾಲ ರಾಜ್ಯದ ಪೋಸ್ಟ್ ಕರೆದಾಗ ನಮ್ಮ ಭಾಗದ ಹುಡುಗರ ಕೈಯಾಗ ಕಲ್ಯಾಣ ಕರ್ನಾಟಕದವರಿಗೆ ನೌಕರಿ ಮೀಸಲಾತಿ ಕೊಡೋ 371(ಜೆ) ಸರ್ಟಿಫಿಕೇಟ್ ಅದ, ಮೈಸೂರು ಮಂಡ್ಯದವರಿಗೆ ಅದು ಇಲ್ಲ. 2012ರ ಸಂವಿಧಾನ ತಿದ್ದುಪಡಿಗೆ ಎಷ್ಟು ಹೋರಾಟ ಆಗಿತ್ತು, ಈಗ ಅದರ ಉಪಯೋಗ ತಗೊಳ್ಳಿಲ್ಲಂದ್ರ ಹ್ಯಾಂಗ?

ಪೋಸ್ಟ್ ಬರೋತನಕ ಏನ್ ಮಾಡೋದು ಅಂತೀರಿ. ಬೆಳಿಗ್ಗೆ ಆರಕ್ಕ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕ ಹೋಗಿ ನೋಡ್ರಿ, ಪೊಲೀಸ್ ಕಾನ್ಸ್‌ಟೇಬಲ್ ಆಗ್ಬೇಕಂತ ಹುಡುಗರು ಓಡ್ಲಿಕತ್ತಿರ್ತಾರ. 1600 ಮೀಟರ್ 6 ನಿಮಿಷ 30 ಸೆಕೆಂಡ್‌ನಾಗ ಮುಗಿಸಬೇಕು, 7.26 ಕೆಜಿ ಗುಂಡು 5.60 ಮೀಟರ್ ಒಗೀಬೇಕು. ಭಾಳಷ್ಟು ಮಂದಿ ಮೊದಲನೇ ಸುತ್ತಿನಾಗೇ ಜೀವ ಬಿಟ್ಟಂಗ ಓಡಿ ಕೊನೇ ಸುತ್ತಿಗೆ ಸುಸ್ತಾಗಿ ಕುಂದರ್ತಾರ. ಪ್ರತಿ ಸುತ್ತು ಎಷ್ಟು ಸೆಕೆಂಡ್‌ನಾಗ ಹೋಗಬೇಕು, ಗುಂಡು ಒಗಿಯುವಾಗ ಸೊಂಟ ಯಾವಾಗ ತಿರುಗಬೇಕು ಅಂತ ಹೇಳಿಕೊಡೋನು ಬೇಕಲ್ರಿ, ಅದಕ್ಕ ಆ ಹುಡುಗರು ಫೀಸೂ ಕೊಡ್ತಾರ. ಸುಮ್ಮ ಸೀಟಿ ಊದೋದು ಬ್ಯಾರೆ, ಕಲಿಸೋದು ಬ್ಯಾರೆ. 200 ಮೀಟರ್ ಟ್ರ್ಯಾಕಿಗೆ ಸುಣ್ಣ ಹಾಕುವಾಗ ಹೊರಗಿನ ಲೇನಿನವನನ್ನ ಎಷ್ಟು ಮುಂದ ನಿಲ್ಲಿಸಬೇಕು ಅನ್ನೋದು ಗೊತ್ತಿಲ್ದೆ ತಾಲೂಕು ಮಟ್ಟದಾಗ ಜಗಳ ಆಗೋದು ನೀವೂ ನೋಡಿರ್ತೀರಿ.

ವಿರೋಧ: ಮೊದಲ ಪಗಾರ ನೋಡ್ರಿ, ಕೊನೇದಲ್ಲ

ಮ್ಯಾಲಿನವರು 44,900 ಅಂದ್ರಲ್ಲ, ಆ ಪೋಸ್ಟ್ ಯಾವಾಗ ಕರೀತಾರ ಅನ್ನೋದು ಹೇಳ್ಲಿಲ್ಲ. ಕೇಂದ್ರೀಯ ವಿದ್ಯಾಲಯದ ದೊಡ್ಡ ಭರ್ತಿ 2018ರಾಗ ಆಯ್ತು, ಆಮ್ಯಾಲ ದೊಡ್ಡ ನೋಟಿಫಿಕೇಶನ್ ಬಂದಿದ್ದು 2022ರ ಡಿಸೆಂಬರ್‌ನಾಗ. ಟಿಜಿಟಿಗೆ ಜನರಲ್‌ನವರಿಗೆ ವಯಸ್ಸು 35ಕ್ಕ ಬಂದ್. ಬ್ಯಾಂಕಿನ ಕಂತು ನೋಟಿಫಿಕೇಶನ್ ಬರ್ಲಿ ಅಂತ ಕಾಯ್ತದೇನ್ರಿ? ರಾಜ್ಯದ ಪೋಸ್ಟಿನ ಕಥೀನೂ ಅಷ್ಟೇ, 371(ಜೆ) ಸರ್ಟಿಫಿಕೇಟ್ ಖರೆ ಅದ, ಆದ್ರ ಪೋಸ್ಟ್ ಕರದ್ರ ತಾನೇ ಅದು ಉಪಯೋಗಕ್ಕ ಬರೋದು.

ಈಗ ಲೆಕ್ಕ ಮಾಡೋಣ. ವರ್ಷಕ್ಕ ಒಂದೂವರೆ ಲಕ್ಷದಂಗ ಮೂರು ಲಕ್ಷ ತಗೊಂಡ್ರಿ, ಬಡ್ಡಿ 11 ಪರ್ಸೆಂಟ್ ಅಂತ ಹಿಡೀರಿ. ಕಂತು ಇಲ್ಲ ಅಂದ್ರ ಬಡ್ಡಿ ಇಲ್ಲ ಅಂತ ಎಷ್ಟೋ ಮಂದಿ ತಿಳ್ಕೊಂಡಾರ, ಹಂಗಲ್ಲ, ಆ ಮೂರು ವರ್ಷನೂ ಸರಳ ಬಡ್ಡಿ ಓಡ್ತಾನೇ ಇರ್ತದ, ಅದೇ 82,500 ಆಗ್ತದ. ಕಂತು ಶುರು ಆಗೋ ಹೊತ್ತಿಗೆ ತಲಿ ಮ್ಯಾಲ 3,82,500. ಏಳು ವರ್ಷಕ್ಕ ಹಾಕಿದ್ರ ತಿಂಗಳಿಗೆ ಹತ್ರ ಹತ್ರ 6,550. ಇಲ್ಲಿ ಪ್ರೈವೇಟ್ ಸಾಲ್ಯಾಗ ಹೊಸಾ ಪಿಟಿ ಮಾಸ್ತರ್‌ಗೆ ಹತ್ತು ಹನ್ನೆರಡು ಸಾವಿರ ಕೊಟ್ರ ಅದೇ ದೊಡ್ಡದು, ಅದೂ ಬ್ಯಾಸಗಿ ಸೂಟಿಯಾಗ ಪಗಾರ ಕೊಡ್ತಾರೋ ಇಲ್ಲೋ ದೇವರಿಗೇ ಗೊತ್ತು. ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋದ್ರ ರೂಮ್ ಬಾಡಿಗಿ, ಊಟ, ಗಾಡಿ ಪೆಟ್ರೋಲ್ ಎಲ್ಲಿಂದ? ಬಡ್ಡಿಗೆ ಇನ್‌ಕಮ್ ಟ್ಯಾಕ್ಸ್ ರಿಯಾಯ್ತಿ ಅದ ಅಂತ ಬ್ಯಾಂಕಿನವರು ಹೇಳ್ತಾರ, ಟ್ಯಾಕ್ಸ್ ಕಟ್ಟೋ ಪಗಾರ ಬಂದ್ರ ಹೇಳ್ರಿ ಸರ!

ಮುಂಜಾನಿ ಕೋಚಿಂಗ್ ಮಾಡಬಹುದು ಅಂದ್ರಿ, ಒಪ್ತೀನಿ, ಆದ್ರ ಆ ಹುಡುಗರು ಪೊಲೀಸ್ ಭರ್ತಿ ಕರದಾಗಷ್ಟೇ ಬರ್ತಾರ, ಉಳಿದ ತಿಂಗಳು ಗ್ರೌಂಡ್ ಖಾಲಿ. ಏಪ್ರಿಲ್ ಮೇ ಬಿಸಿಲಿನಾಗ ನಮ್ಮ ಕಡೆ ಹತ್ತು ಗಂಟಿಗೇ ನೆಲ ಕಾದಿರ್ತದ, ಯಾರು ಬರ್ತಾರ?

ಸಾಲ್ಯಾಗೂ ಪಿಟಿ ಮಾಸ್ತರ್ ಅಂದ್ರ ಏನು? ಗಂಟಿ ಹೊಡಿ, ಲೈನ್ ನಿಲ್ಲಿಸು, ಆಗಸ್ಟ್ ಹದಿನೈದು, ಸೆಪ್ಟೆಂಬರ್ ಹದಿನೇಳು (ಕಲ್ಯಾಣ ಕರ್ನಾಟಕ ಉತ್ಸವ) ಬಂದ್ರ ಲೇಜಿಮು ಕವಾಯತು ಮಾಡ್ಸು, ಗಣಿತದವರು ರಜಾ ಹಾಕಿದ್ರ ಆ ಕ್ಲಾಸ್ ನೋಡ್ಕೋ. 2009ರ ಆರ್‌ಟಿಇ ಕಾಯ್ದೇನೂ ನೂರಕ್ಕಿಂತ ಹೆಚ್ಚು ಮಕ್ಕಳಿರೋ ಹಿರಿಯ ಪ್ರಾಥಮಿಕ ಸಾಲಿಗೆ ದೈಹಿಕ ಶಿಕ್ಷಣಕ್ಕ ಪಾರ್ಟ್‌ಟೈಮ್ ಬೋಧಕ ಸಾಕು ಅಂತದ, ಇನ್ನ ಮ್ಯಾನೇಜ್‌ಮೆಂಟ್‌ನವರು ಫುಲ್ ಪಗಾರ ಯಾಕ ಕೊಡ್ತಾರ.

ಎಲ್ಲಕ್ಕಿಂತ ನನಗ ತ್ರಾಸ ಆಗೋದು ಅಪ್ಪಂದಿರ ವಿಷಯ. ಹೊಲ ಅಡ ಇಡೋದಿಲ್ಲ ಖರೆ, ಆದ್ರ ಲೋನಿನ ಕಾಗದದಾಗ ಅಪ್ಪನೂ ಜೋಡಿ ಸಾಲಗಾರ. ಮಗ ನಾಲ್ಕು ಕಂತು ತಪ್ಪಿಸಿದ್ರ ಅಪ್ಪನ ಸಿಬಿಲ್‌ಗೂ (ಸಾಲ ತೀರಿಸಿದ ದಾಖಲೆ ತೋರಿಸೋ ಅಂಕಕ್ಕೂ) ಪೆಟ್ಟು, ಆಮ್ಯಾಲ ತೊಗರಿ ಬಿತ್ತೋ ಹೊತ್ತಿಗೆ ಬೆಳೆಸಾಲಕ್ಕ ಹೋದ್ರ ಬ್ಯಾಂಕಿನವ ಕಂಪ್ಯೂಟರ್ ನೋಡಿ ತಲಿ ಅಲ್ಲಾಡಿಸ್ತಾನ. ನೆಟೆ ರೋಗ ಬಂದು ತೊಗರಿ ಒಣಗಿದ ವರ್ಷ ಇದೂ ಸೇರಿದ್ರ ಆ ಮನಿ ಕಥಿ ಮುಗೀತು.

ಆಟದ ಹುಚ್ಚಿದ್ದವರಿಗೆ ಓದಬ್ಯಾಡ ಅಂತ ನಾ ಹೇಳ್ತಿಲ್ಲ. ಗುಲ್ಬರ್ಗಾ ಯೂನಿವರ್ಸಿಟಿ ಡಿಪಾರ್ಟ್‌ಮೆಂಟ್‌ನಾಗ ಸೀಟ್ ಸಿಕ್ಕು, ಸ್ಕಾಲರ್‌ಶಿಪ್‌ನಾಗ ಫೀಸು ಹೋದ್ರ ಕಣ್ಮುಚ್ಚಿ ಸೇರ್ರಿ. ಪ್ರೈವೇಟ್ ಕಾಲೇಜಿಗೆ ಸಾಲ ಮಾಡಿ ಹೋಗೋದಿದ್ರ ಮೊದಲು ಎನ್‌ಸಿಟಿಇ (ಶಿಕ್ಷಕರ ತರಬೇತಿ ನೋಡ್ಕೊಳ್ಳೋ ರಾಷ್ಟ್ರೀಯ ಮಂಡಳಿ) ಮಾನ್ಯತಾ ಅದನೋ ಇಲ್ಲೋ ನೋಡ್ರಿ, ಆಮ್ಯಾಲ ಹೋದ ವರ್ಷ ಅಲ್ಲಿ ಮುಗಿಸಿದ ನಾಲ್ಕು ಹುಡುಗರನ್ನ ಹಿಡ್ಕೊಂಡು ಈಗ ಎಷ್ಟು ಪಗಾರ ತಗೋತೀರಿ ಅಂತ ಬಾಯಿ ಬಿಟ್ಟು ಕೇಳ್ರಿ, ಪ್ರಿನ್ಸಿಪಾಲರನ್ನ ಕೇಳಬ್ಯಾಡ್ರಿ.