ಶಿಕ್ಕಾದ ಮೇಲೊಂದು ಶಿಕ್ಕಾ

ನಮ್ಮ ಕಾಕಾ ಬ್ಯಾಡಗಿಯಲ್ಲಿ ಖಾರದಪುಡಿ ಮಾಡಿ ಮಾರುತ್ತಾರೆ. ದುಬೈಯ ಒಬ್ಬ ವ್ಯಾಪಾರಿಗೆ ಅದು ಹಿಡಿಸಿತು. ಅಲ್ಲಿ ಯಾರೂ ಪಾಕೀಟಿನ ಹೆಸರು ಕದಿಯಬಾರದಲ್ವಾ, ಅದಕ್ಕೆ ಟ್ರೇಡ್‌ಮಾರ್ಕ್ ಸರ್ಟಿಫಿಕೇಟು, ಜೊತೆಗೆ ನಿಮ್ಮ ಪರವಾಗಿ ಇಲ್ಲಿ ಕೆಲಸ ಮಾಡಲು ಅಧಿಕಾರ ಕೊಡುವ ಒಂದು ವಟಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸಿ ಎಂದ. ಸ್ಯಾಂಪಲ್ ಪುಡಿ ವಾರದಲ್ಲೇ ದುಬೈ ಮುಟ್ಟಿತು. ಕಾಗದ ಮಾತ್ರ ಹುಬ್ಬಳ್ಳಿ ದಾಟಲಿಲ್ಲ.

ಮೊದಲು ನೋಟರಿ. ಆಮೇಲೆ ವಾಣಿಜ್ಯ ಸಂಸ್ಥೆ, ಅಂದರೆ ಛೇಂಬರು. ಅದಾದ ಮೇಲೆ ನಮ್ಮ ವಿದೇಶಾಂಗ ಇಲಾಖೆ, ಅಲ್ಲಿಗೂ ನಾವೇ ಹೋಗುವಂತಿಲ್ಲ, ಏಜೆನ್ಸಿ ಮೂಲಕವೇ ಕೊಡಬೇಕು. ಮುಂದೆ ದುಬೈ ಇರುವ ದೇಶ ಎಮಿರೇಟ್ಸ್‌ನ ರಾಯಭಾರ ಕಚೇರಿ, ಕೊನೆಗೆ ಅದೇ ದೇಶದ ವಿದೇಶಾಂಗ ಇಲಾಖೆ. ಇಷ್ಟೂ ಜನ ಸೇರಿ ಹೇಳುವುದೇನು ಗೊತ್ತಾ? ಕಾಗದದಲ್ಲಿ ಬರೆದದ್ದು ನಿಜ ಅಂತಲ್ಲ. ಹಿಂದಿನವರು ಹೊಡೆದ ಶಿಕ್ಕಾ ನಿಜ ಅಂತ. ಅವರ ಶಿಕ್ಕಾ ನಿಜವೋ ಅಲ್ಲವೋ ಅಂತ ಅವರ ಮುಂದಿನವರು ನೋಡುತ್ತಾರೆ. ಸರ್ಟಿಫಿಕೇಟು ಮೊದಲೇ ಕಂಪ್ಯೂಟರಿನಿಂದ ಬಂದದ್ದು, ಅದರ ನಂಬರು ಹಾಕಿದರೆ ದುಬೈಯಲ್ಲಿ ಕೂತವನಿಗೂ ಮೊಬೈಲಿನಲ್ಲಿ ಎಲ್ಲಾ ಕಾಣುತ್ತದೆ, ಆದರೆ ಮೊಬೈಲಿಗೆ ಶಿಕ್ಕಾ ಹೊಡೆಯೋಕೆ ಬರಲ್ವಲ್ಲ!

ಈ ಸರಪಳಿ ಬೇಡ ಅಂತಲೇ 1961ರಲ್ಲಿ ಹೇಗ್‌ನಲ್ಲಿ ಒಪ್ಪಂದವಾಯಿತು. ಅಪೊಸ್ಟಿಲ್ ಅಂತ ಒಂದೇ ಚೀಟಿ ಅಂಟಿಸಿದರೆ ರಾಯಭಾರ ಕಚೇರಿಯ ಗೊಡವೆಯೇ ಇಲ್ಲ. ನಮ್ಮಲ್ಲಿ ಅದು 2005ರಲ್ಲಿ ಜಾರಿಗೆ ಬಂತು, ಸೌದಿಯಲ್ಲಿ 2022ರಲ್ಲಿ. ಎಮಿರೇಟ್ಸ್ ಇನ್ನೂ ಸೇರಿಲ್ಲ. ಇದನ್ನು ಹೇಳಿದ್ದೇ ತಡ, ಕಾಕಾ ಕೇಳಿದರು, "ಹಂಗಾರ ಖಾರದಪುಡಿ ಸೌದಿಗೆ ಮಾರೂಣೇನು?"

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಲಿಪ್‌ಸ್ಟಿಕ್ಕಿಗೂ ಅದರ ಬಣ್ಣ ಹೋಗುತ್ತದೆ. ನಮ್ಮ ಕಾಗದವೂ ಹಾಗೇ ಆಯಿತು: ಕೆಂಪು, ನೀಲಿ, ನೇರಳೆ ಶಿಕ್ಕಾ ಬಿದ್ದು ಬಿದ್ದು ಅಕ್ಷರ ಹುಡುಕಬೇಕಾಯಿತು. ಅದಕ್ಕೇ ಇರಬೇಕು, ಯಾರೂ ಓದಲಿಲ್ಲ. ಓದಿದವನು ದುಬೈಯ ವ್ಯಾಪಾರಿ ಒಬ್ಬನೇ. ಫೋನ್ ಮಾಡಿ ಕೇಳಿದ, "ಇದರಲ್ಲಿ ಮಾಲೀಕರು ಶ್ರೀಮತಿ ಅಂತಿದೆಯಲ್ಲ, ನಿಮ್ಮ ಕಾಕೂನೋ?"

ಟೈಪ್ ಮಾಡಿದವನ ಕೈತಪ್ಪು. ಐದು ಕಚೇರಿ ದಾಟಿ ಕಾಕಾ ಹೆಂಗಸಾಗಿದ್ದರು, ಅದೂ ಎರಡು ಸರ್ಕಾರಗಳ ಸಾಕ್ಷಿಯಲ್ಲಿ. ಮೀಸೆ ಮುಟ್ಟಿಕೊಳ್ಳುತ್ತಾ ನೋಟರಿ ಹತ್ತಿರ ಹೋದರು.

"ಏನೂ ಚಿಂತಿ ಮಾಡಬ್ಯಾಡ್ರಿ," ಅಂದರು ಅವರು. "ಶ್ರೀಮತಿನೂ ಶ್ರೀನೂ ಒಬ್ಬರೇ ಅಂತ ಒಂದು ಅಫಿಡವಿಟ್ ಮಾಡಿಸಿಬಿಡೂಣು."

"ಅಷ್ಟಾದ್ರ ಸಾಕೇನ್ರೀ?"

"ಸಾಕ್ರೀ. ಅದು ದುಬೈಗೆ ಹೋಗೂದೈತಲ್ಲ, ಅದಕ್ಕೊಂದು ಛೇಂಬರಿನ ಶಿಕ್ಕಾ ಹೊಡಿಸ್ಕೊಂಡು ಬರ್ರಿ."