ಕೊಲೆಗಾರನಿಗೊಂದು ಹಾರ

ಕೊಲೆ ಮಾಡುವವನು ಯಾರು ಅಂತ ಮೊದಲೇ ಗೊತ್ತಾಗಿಬಿಟ್ಟರೆ ನಾಟಕದಲ್ಲಿ ಇನ್ನೇನು ಮಜಾ ಉಳಿಯುತ್ತದೆ? ತುಮಕೂರಿನ ಕಡೆಯವರನ್ನು ಮಾತ್ರ ಈ ಪ್ರಶ್ನೆ ಕೇಳಬೇಡಿ. ಭೀಮ ದುರ್ಯೋಧನನ ತೊಡೆ ಮುರಿಯುತ್ತಾನೆ ಅಂತ ಬುದ್ಧಿ ಬಂದಾಗಿನಿಂದ ಗೊತ್ತಿದ್ದೂ, ರಾತ್ರಿ ಊಟ ಮುಗಿಸಿ, ಚಾಪೆ ಕಂಬಳಿ ಹಿಡಿದುಕೊಂಡು ಹೋಗಿ, ಕೋಳಿ ಕೂಗುವವರೆಗೆ ‘ಕುರುಕ್ಷೇತ್ರ’ ನೋಡುವ ಜನ ನಾವು. ಕಥೆ ತಿಳಿದುಕೊಳ್ಳೋಣ ಅಂತ ಅಲ್ಲಿಗೆ ಯಾರೂ ಹೋಗುವುದಿಲ್ಲ. ಈ ಸಲದ ದುರ್ಯೋಧನನಿಗೆ ಗಂಟಲಿದೆಯಾ? ಕಂದಪದ್ಯ ಎಳೆಯುವಾಗ ಹಾರ್ಮೋನಿಯಂ ಮೇಷ್ಟ್ರ ಕಡೆ ಕದ್ದು ನೋಡುತ್ತಾನಾ? ಗದೆ ಎತ್ತುವಾಗ ಕಿರೀಟ ಜಾರುತ್ತಾ? ನಮ್ಮ ಸಸ್ಪೆನ್ಸ್ ಇಷ್ಟೇ. ಇಷ್ಟಕ್ಕೇ ಇಡೀ ರಾತ್ರಿ ಸಾಲುವುದಿಲ್ಲ.

ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ, ಹಳ್ಳಿಯ ಈ ಪೌರಾಣಿಕ ನಾಟಕಗಳಲ್ಲಿ ದುಡ್ಡು ಕೊಡುವವರು ನೋಡುವವರಲ್ಲ, ಆಡುವವರು. ಸೀನರಿಯವರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ದ್ರೌಪದಿ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಗೆ ಎಲ್ಲ ಕೊಡಬೇಕಲ್ಲ. ಅದಕ್ಕೆ ಒಂದೊಂದು ಪಾತ್ರಕ್ಕೂ ಒಂದೊಂದು ರೇಟು. ಕೃಷ್ಣ, ದುರ್ಯೋಧನ ಅಂದರೆ ಜಾಸ್ತಿ. ಅಷ್ಟು ಕೊಟ್ಟವನು ರಂಗದ ಮೇಲೆ ಬಂದ ಕೂಡಲೇ ಭಾವಮೈದ, ಸೋದರಮಾವ, ಜೊತೆ ಓದಿದವರು ಎಲ್ಲ ಸಾಲಾಗಿ ಮೇಲೆ ಹತ್ತಿ ಹಾರ ಹಾಕುತ್ತಾರೆ. ಸಂಧಾನಕ್ಕೆ ಬಂದ ಕೃಷ್ಣ ಪಕ್ಕದಲ್ಲಿ ನಿಂತು ಕಾಯುತ್ತಾನೆ. ಮೈಕಿನಲ್ಲಿ ಹಾರ ಹಾಕಿದವರ ಹೆಸರು, ಊರು, ಕೊಟ್ಟ ದುಡ್ಡು ಎಲ್ಲ ಕೂಗಿ ಮುಗಿದ ಮೇಲೆ ಯುದ್ಧದ ಮಾತು ಮುಂದುವರಿಯುತ್ತದೆ.

ಇಂಥ ಸೀಮೆಯಲ್ಲಿ ಒಂದು ಹವ್ಯಾಸಿ ತಂಡದವರು ‘ಡಯಲ್ ಎಂ ಫಾರ್ ಮರ್ಡರ್’ ಅನ್ನು ಕನ್ನಡಕ್ಕೆ ತಂದು ಆಡಿದರು. ಹಿಚ್‌ಕಾಕ್ 1954ರಲ್ಲಿ ತೆಗೆದ ಸಿನಿಮಾ. ಬ್ಯಾಂಕಿನವರು, ಕಾಲೇಜು ಮೇಷ್ಟ್ರು, ಒಬ್ಬ ವಕೀಲರು ಸೇರಿದ ತಂಡ. ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರದಲ್ಲಿ ಪ್ರದರ್ಶನ. ಕರಪತ್ರದಲ್ಲಿ ‘ಜಗತ್ಪ್ರಸಿದ್ಧ ಸಿನಿಮಾ ಈಗ ರಂಗದ ಮೇಲೆ’ ಅಂತ ದಪ್ಪಕ್ಷರ. ಅಸಲಿಗೆ ಅದು ಸಿನಿಮಾ ಆಗುವ ಮೊದಲು ನಾಟಕವೇ. ಫ್ರೆಡರಿಕ್ ನಾಟ್ ಅನ್ನುವವರು ಬರೆದದ್ದು. 1952ರಲ್ಲಿ ಮೊದಲು ಬಿಬಿಸಿ ಟಿವಿಯಲ್ಲಿ ಬಂತು, ಅದೇ ವರ್ಷ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ರಂಗಕ್ಕೆ ಬಂತು. ಹಿಚ್‌ಕಾಕ್ ಎತ್ತಿಕೊಂಡದ್ದು ಆಮೇಲೆ. ಹಿಂದಿಯವರು 1985ರಲ್ಲಿ ‘ಐತ್‌ಬಾರ್’ ಅಂತ ಮಾಡಿದರು. ಈಗ ನಮ್ಮೂರಿನ ಸರದಿ.

ಕರಪತ್ರದಲ್ಲಿ ಸಂಜೆ ಆರೂವರೆ ಅಂತ ಇತ್ತು. ಆರೂವರೆಗೆ ಬಂದವರು ನಟರ ಮನೆಯವರು ಮಾತ್ರ. ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಬಿಡುಗಡೆ ಮಾಡಿದಾಗ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರುಗಳಿಗೆ ಕಟ್ಟಪ್ಪಣೆ ಮಾಡಿದ್ದರು. ನಮ್ಮಲ್ಲಿ ಆ ನಿಯಮ ತಂದರೆ ಮುಖ್ಯ ಅತಿಥಿಗಳೇ ಹೊರಗೆ ಉಳಿಯುತ್ತಾರೆ.

ಆ ಅತಿಥಿಗಳು ಏಳು ಗಂಟೆಗೆ ಬಂದರು, ದೀಪ ಹಚ್ಚಿದರು, ಮೈಕ್ ಹಿಡಿದರು. ಒಳ್ಳೆಯ ಮಾತುಗಾರರು. ಕಾಲೇಜು ದಿನಗಳಲ್ಲಿ ಬೆಂಗಳೂರಿಗೆ ಹೋಗಿ ಈ ಸಿನಿಮಾ ನೋಡಿದ್ದನ್ನು ನೆನಪು ಮಾಡಿಕೊಂಡರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಗಂಡನಿಗೆ ಹೆಂಡತಿಯ ಆಸ್ತಿ ಮೇಲೆ ಕಣ್ಣು ಅಂದರು. ಹಳೇ ಪರಿಚಯದ ಒಬ್ಬನ ಗುಟ್ಟು ಹಿಡಿದು, ಹೆದರಿಸಿ ಕೊಲೆಗೆ ಒಪ್ಪಿಸುತ್ತಾನೆ ಅಂದರು. ಪರದೆಯ ಸಂದಿಯಲ್ಲಿ ನಿರ್ದೇಶಕರ ಮುಖ ಕಾಣಿಸಿತು. ಅತಿಥಿಗಳು ನೋಡಲಿಲ್ಲ. ಕತ್ತರಿಯ ವಿಷಯಕ್ಕೆ ಬಂದರು. ಕೊನೆಗೆ ಇನ್‌ಸ್ಪೆಕ್ಟರ್ ಹೇಗೆ ಪತ್ತೆ ಹಚ್ಚುತ್ತಾನೆ ಅನ್ನುವುದನ್ನೂ ವಿವರವಾಗಿ ಹೇಳಿ, ‘ಇಂಥ ಕುತೂಹಲಕಾರಿ ನಾಟಕವನ್ನು ತಾವೆಲ್ಲ ಕೊನೆಯವರೆಗೂ ಕೂತು ನೋಡಬೇಕು’ ಅಂತ ಕೈಮುಗಿದರು. ಇಂಥದ್ದು ಬೇರೆ ಊರಿನಲ್ಲಾಗಿದ್ದರೆ ಜನ ಎದ್ದು ಗಲಾಟೆ ಮಾಡುತ್ತಿದ್ದರೇನೋ. ಇಲ್ಲಿ ಜೋರಾಗಿ ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದವರು ಕಾಲು ಚಾಚಿ ಆರಾಮಾಗಿ ಕೂತರು. ಕಥೆ ತಿಳಿಯಿತು, ಇನ್ನು ನಿಶ್ಚಿಂತೆಯಾಗಿ ನಾಟಕ ನೋಡಬಹುದು.

ಒಂದು ರೀತಿಯಲ್ಲಿ ಅತಿಥಿಗಳು ಅರ್ಧ ತಪ್ಪನ್ನಷ್ಟೇ ಮಾಡಿದ್ದು. ಈ ನಾಟಕವೇ ಹಾಗಿದೆ. ಗಂಡನ ಉಪಾಯ ಪೂರ್ತಿ ಮೊದಲ ಭಾಗದಲ್ಲೇ ನಮ್ಮೆದುರು ಬಿಚ್ಚಿಕೊಳ್ಳುತ್ತದೆ. ತಾನು ಪಾರ್ಟಿಗೆ ಹೋಗಿರುತ್ತೇನೆ, ಬೀಗದ ಕೈ ಮೆಟ್ಟಿಲಿನ ಕಾರ್ಪೆಟ್ ಕೆಳಗೆ ಇಟ್ಟಿರುತ್ತೇನೆ, ನೀನು ಒಳಗೆ ಬಂದು ಕರ್ಟನ್ ಹಿಂದೆ ನಿಲ್ಲು, ರಾತ್ರಿ ಹನ್ನೊಂದಕ್ಕೆ ಮನೆಗೆ ಫೋನ್ ಮಾಡುತ್ತೇನೆ, ಎತ್ತಲು ಬಂದವಳ ಹಿಂದಿನಿಂದ... ಎಲ್ಲವೂ ನಮಗೆ ಗೊತ್ತು. ಗೊತ್ತಿಲ್ಲದಿರುವುದು ಅವಳಿಗೆ ಮಾತ್ರ. ಹಿಚ್‌ಕಾಕ್ ಇದನ್ನೇ ಒಂದು ಉದಾಹರಣೆ ಕೊಟ್ಟು ಹೇಳುತ್ತಿದ್ದರು. ಮೇಜಿನ ಕೆಳಗಿನ ಬಾಂಬ್ ಥಟ್ಟನೆ ಸಿಡಿದರೆ ಪ್ರೇಕ್ಷಕ ಬೆಚ್ಚುವುದು ಹದಿನೈದು ಸೆಕೆಂಡು. ಬಾಂಬ್ ಇದೆ ಅಂತ ಅವನಿಗೆ ಮೊದಲೇ ತಿಳಿಸಿಬಿಟ್ಟರೆ ಹದಿನೈದು ನಿಮಿಷ ಒದ್ದಾಡುತ್ತಾನೆ. ಹದಿನೈದು ನಿಮಿಷಕ್ಕೇ ಅಷ್ಟು ಹೆಮ್ಮೆ! ಕುರುಕ್ಷೇತ್ರದವರು ಆರೇಳು ಗಂಟೆ ಎಳೆಯುತ್ತಾರೆ ಸ್ವಾಮಿ.

ಮೂಲದಲ್ಲಿ ಟೆನ್ನಿಸ್ ಆಟಗಾರನಾಗಿದ್ದ ಗಂಡ ಕನ್ನಡದಲ್ಲಿ ರಣಜಿ ಆಡಿ ಬಿಟ್ಟ ಕ್ರಿಕೆಟಿಗ ಆಗಿದ್ದ. ಲಂಡನ್ನಿನ ಫ್ಲ್ಯಾಟು ಬಸವನಗುಡಿಯ ಮನೆ. ಕಾಲ ಮಾತ್ರ ಹಳೆಯದನ್ನೇ ಉಳಿಸಿಕೊಂಡಿದ್ದರು. ಕಪ್ಪು ಟೆಲಿಫೋನ್ ಇಲ್ಲದೆ ಈ ಕೊಲೆ ನಡೆಯುವುದಿಲ್ಲವಲ್ಲ. ಆ ಫೋನನ್ನು ಎಲ್ಲಿಂದ ಹುಡುಕಿ ತಂದಿದ್ದರೋ, ಬೆರಳು ತೂರಿಸಿ ತಿರುಗಿಸುವ ಡಯಲ್ಲಿನದು. ಪರದೆ ಸರಿದು ಅದು ಕಂಡಾಗ ಹಿರಿಯರ ಸಾಲಿನಲ್ಲಿ ‘ಆಹಾ’ ಅಂತ ಒಂದು ಸದ್ದು. ಮುಂದಿನ ಸಾಲಿನ ಹುಡುಗ ಅಪ್ಪನನ್ನು ಕೇಳಿದ: ‘ಅಪ್ಪಾ, ಅದರಲ್ಲಿ ಯಾರು ಕಾಲ್ ಮಾಡ್ತಿದಾರೆ ಅಂತ ಎಲ್ಲಿ ಬರುತ್ತೆ?’ ‘ಬರಲ್ಲ.’ ‘ಮತ್ತೆ ಯಾಕೆ ಎತ್ತಬೇಕು?’ ಆ ಹೆಂಗಸಿಗೆ ಈ ಬುದ್ಧಿ ಇದ್ದಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು.

ಸಿನಿಮಾದಲ್ಲಿ ಈ ಫೋನಿನದೇ ಒಂದು ದೊಡ್ಡ ಕಥೆ. ಆ ಕಾಲದ ತ್ರೀಡಿ ಕ್ಯಾಮರಾದಲ್ಲಿ ಡಯಲ್ಲನ್ನು ತೀರಾ ಹತ್ತಿರದಿಂದ ತೆಗೆಯಲು ಆಗಲಿಲ್ಲ ಅಂತ, ಭಾರೀ ಗಾತ್ರದ ಡಯಲ್ಲು, ಅದಕ್ಕೆ ತಕ್ಕ ಒಂದು ಸುಳ್ಳು ಬೆರಳು ಮಾಡಿಸಿದ್ದರಂತೆ. ರಂಗದ ಮೇಲೆ ಆ ಸೌಲಭ್ಯ ಇಲ್ಲ. ಇಲ್ಲಿ ಎಲ್ಲವೂ ಇದ್ದಷ್ಟೇ ದೊಡ್ಡದು. ಹಿಂದಿನ ಸಾಲಿನವರಿಗೆ ಆ ಫೋನು ಕಪ್ಪಗೆ ಒಂದು ಮುದ್ದೆ ಅಷ್ಟೇ. ಆದರೂ ಗಡಿಯಾರದ ಟಿಕ್‌ಟಿಕ್ ಶುರುವಾಗಿ, ಬೆಳಕು ಕಡಿಮೆಯಾಗಿ, ಕರ್ಟನ್ನಿನ ಹಿಂದೆ ಕೊಲೆಗಾರ ಸರಿದಾಗ ಇಡೀ ಹಾಲ್ ಆ ಕಪ್ಪು ಮುದ್ದೆಯನ್ನೇ ನೋಡುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಐದನೇ ಸಾಲಿನಲ್ಲಿ ಒಂದು ಮೊಬೈಲ್ ಬಾರಿಸಿತು. ಶುದ್ಧ ಭಕ್ತಿಗೀತೆ. ಇಂಥದ್ದು ಎಲ್ಲ ನಾಟಕದಲ್ಲೂ ಆಗುತ್ತದೆ. ವಿಶೇಷ ಅದಲ್ಲ. ಯಾರೂ ಬೈಯಲಿಲ್ಲ, ಯಾಕೆಂದರೆ ಇದೂ ನಾಟಕದ್ದೇ ಅಂತ ತುಂಬ ಜನ ತಿಳಿದರು. ಹೊಸ ಥರದ ನಾಟಕ, ಪ್ರೇಕ್ಷಕರ ನಡುವೆಯೂ ಪಾತ್ರಧಾರಿಗಳನ್ನು ಕೂರಿಸಿದ್ದಾರೆ ಅಂತ ಆ ಮನುಷ್ಯನನ್ನೇ ಭಕ್ತಿಯಿಂದ ನೋಡಿದರು. ಆತ ಎದ್ದು ನಿಂತು, ‘ಆಮೇಲೆ ಮಾಡ್ತೀನಿ, ಇಲ್ಲೊಂದು ಕೊಲೆ ನಡೀತಿದೆ’ ಅಂದು ಕೂತ. ಅರ್ಧ ನಿಮಿಷವಾದ ಮೇಲೆ ರಂಗದ ಮೇಲಿನ ಅಸಲಿ ಫೋನು ಟ್ರಿಣ್ ಅಂತು ನೋಡಿ. ಹಾಲಿನಲ್ಲಿದ್ದ ಅಷ್ಟೂ ಜನ ತಂತಮ್ಮ ಜೇಬು, ವ್ಯಾನಿಟಿ ಬ್ಯಾಗ್ ಮುಟ್ಟಿ ನೋಡಿಕೊಂಡರು.

ಇನ್ನೊಂದು ಸಂಗತಿ ನನಗೆ ಬಲು ಇಷ್ಟವಾಯಿತು. ಸಿನಿಮಾದಲ್ಲಿ ಗಂಡನ ಕೈಗಡಿಯಾರ ನಿಂತುಹೋಗಿ ಫೋನ್ ಮಾಡುವುದು ತಡವಾಗುತ್ತದೆ. ಓಡಿ ಹೋದರೆ ಫೋನ್ ಬೂತಿನಲ್ಲಿ ಇನ್ಯಾರೋ ಮಾತಾಡುತ್ತಿರುತ್ತಾರೆ. ಮೂಲ ನಾಟಕ ಆ ಒಂದು ಕೋಣೆ ಬಿಟ್ಟು ಆಚೆ ಹೋಗುವುದೇ ಇಲ್ಲ. ನಮ್ಮವರು ಸಿನಿಮಾದ್ದನ್ನು ತೆಗೆದುಕೊಂಡು, ರಂಗದ ಒಂದು ಮೂಲೆಗೆ ಬೆಳಕು ಬಿಟ್ಟು, ಗಂಡನನ್ನು ಅಲ್ಲಿ ನಿಲ್ಲಿಸಿದರು. ಅವನು ವಾಚನ್ನು ಕಿವಿಗಿಟ್ಟು ಅಲ್ಲಾಡಿಸುತ್ತಿದ್ದಾನೆ. ಬೂತಿನಲ್ಲಿದ್ದವನು ಮಾತು ಮುಗಿಸುತ್ತಿಲ್ಲ. ನನ್ನ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ತಡೆಯಲಾರದೆ, ‘ಬೇಗ ಇಡೋ, ಪಾಪ ಅವನಿಗೆ ಹೊತ್ತಾಯ್ತು’ ಅಂದರು. ಅವನಿಗೆ ಹೊತ್ತಾದದ್ದು ಹೆಂಡತಿಯನ್ನು ಕೊಲ್ಲಿಸುವುದಕ್ಕೆ! ಅಜ್ಜಿಯ ಸೊಸೆ ಹೇಳಿದಳು: ‘ಅಮ್ಮಾ, ಫೋನ್ ಬಂದ್ರೆ ಅವಳು ಸಾಯ್ತಾಳೆ.’ ಅಜ್ಜಿ ಸ್ವಲ್ಪ ಯೋಚಿಸಿದರು. ‘ಅದೂ ಸರಿನೇ. ಆದ್ರೂ ಅಷ್ಟು ಹೊತ್ತು ಮಾತಾಡ್ಬಾರದಪ್ಪ’ ಅಂದರು.

ಕತ್ತರಿ ದೃಶ್ಯ ಚೆನ್ನಾಗಿ ಬಂತು. ಕುತ್ತಿಗೆಗೆ ಬಟ್ಟೆ ಬಿಗಿದು ಹಿಂದಕ್ಕೆ ಎಳೆದಾಗ ಅವಳ ಕೈ ಮೇಜಿನ ಮೇಲೆ ತಡಕಾಡುತ್ತದೆ. ಸಿನಿಮಾದಲ್ಲಿ ಆ ಕೈ ನಮ್ಮ ಕಡೆಗೇ ಚಾಚಿ ಬರುತ್ತದೆ. ಇಲ್ಲಿ ನಟಿಯ ಕೈ ಎರಡು ಸಲ ಕತ್ತರಿಯ ಪಕ್ಕದಲ್ಲೇ ಹಾದುಹೋಯಿತು. ಬೇಕಂತ ಮಾಡಿದ್ದೋ, ನಿಜವಾಗಿ ಸಿಗಲಿಲ್ಲವೋ. ‘ಬಲಕ್ಕೆ, ಬಲಕ್ಕೆ’ ಅಂತ ಮೂರು ನಾಲ್ಕು ಹೆಂಗಸರು ಕೂಗಿಯೇಬಿಟ್ಟರು. ಕತ್ತರಿ ಕೈಗೆ ಸಿಕ್ಕಿತು, ಕೊಲೆ ಮಾಡಲು ಬಂದವನು ಬೆನ್ನಿಗೆ ಚುಚ್ಚಿಸಿಕೊಂಡು ಬಿದ್ದ. ಶಿಳ್ಳೆ! ಬಾಲ್ಕನಿಯಿಂದ ಯಾರೋ ‘ಒನ್ಸ್ ಮೋರ್’ ಅಂದರು. ಕಂಪನಿ ನಾಟಕದ ಕಾಲದಲ್ಲಿ ಹಾಡಿಗೆ ಒನ್ಸ್ ಮೋರ್ ಬಿದ್ದರೆ, ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಇಲ್ಲಿ ಬಿದ್ದವನು ಬ್ಯಾಂಕಿನ ಉದ್ಯೋಗಿ, ಶಿಸ್ತಿನ ಮನುಷ್ಯ. ಏಳಲಿಲ್ಲ. ಹೊಟ್ಟೆ ಮಾತ್ರ ನಗುವಿಗೆ ಕುಣಿಯುತ್ತಿದ್ದದ್ದು ಮುಂದಿನ ಸಾಲಿನವರಿಗೆಲ್ಲ ಕಂಡಿತು.

ಇಂಟರ್‌ವಲ್‌ಗೆ ಪರದೆ ಎಳೆಯುವ ಮುಂಚೆ ನಡೆದದ್ದನ್ನು ನಿರ್ದೇಶಕರು ಖಂಡಿತ ಬರೆದಿರಲಿಲ್ಲ. ಕುಣಿಗಲ್ ಕಡೆಯ ಹಳ್ಳಿಯಿಂದ ಗಂಡನ ಪಾತ್ರಧಾರಿಯ ಸೋದರಮಾವ ಬಂದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಗುಲಾಬಿ ಹಾರ. ರಂಗದ ಮೇಲೆ ಗಂಡ ಮನೆಗೆ ಬಂದು, ಬಿದ್ದ ಹೆಣ ನೋಡಿ, ಹೆಂಡತಿಯನ್ನೇ ಸಿಕ್ಕಿಸುವ ಹೊಸ ಉಪಾಯ ಹೂಡುತ್ತಿದ್ದಾನೆ. ಮುಖದಲ್ಲಿ ಗಾಬರಿ, ಕಣ್ಣಿನಲ್ಲಿ ಲೆಕ್ಕಾಚಾರ. ನಿಜವಾಗಿಯೂ ಒಳ್ಳೆಯ ಅಭಿನಯ. ಮಾವನವರಿಗೆ ತಡೆಯಲಾಗಲಿಲ್ಲ. ಸೀದಾ ಮೆಟ್ಟಿಲು ಹತ್ತಿದರು. ಹೆಣದ ಕಾಲು ತುಳಿಯದಂತೆ ಪಂಚೆ ಎತ್ತಿಕೊಂಡು ದಾಟಿದರು. ಅಳಿಯನ ಕೊರಳಿಗೆ ಹಾರ ಹಾಕಿದರು. ನೂರರ ಐದು ನೋಟು ಜೇಬಿಗೆ ತುರುಕಿದರು. ಆಮೇಲೆ ಮೈಕ್ ಎಲ್ಲಿದೆ ಅಂತ ಸುತ್ತ ನೋಡಿದರು. ಸಿಗಲಿಲ್ಲ. ಗಂಟಲೇ ಸಾಕು ಅಂತ, ‘ಬಲು ಚೆನ್ನಾಗಿ ಮಾಡ್ದೆ ಕಣೋ, ಶಕುನಿ ಮಾಡಿದಂಗೆ ಮಾಡ್ದೆ’ ಅಂತ ಘೋಷಿಸಿ ಇಳಿದರು.

ಕೊಲೆಗಡುಕ ಗಂಡ ಹಾರ ಹಾಕಿಕೊಂಡು ನಿಂತ. ತೆಗೆದರೆ ಮಾವನಿಗೆ ಅವಮಾನ. ಇಟ್ಟುಕೊಂಡರೆ ಹಿಚ್‌ಕಾಕ್‌ಗೆ ಅವಮಾನ. ಆತ ಮಾವನನ್ನೇ ಆರಿಸಿಕೊಂಡ. ಹಾರದಲ್ಲೇ ಪೊಲೀಸರಿಗೆ ಫೋನ್ ಮಾಡಿದ. ನನ್ನನ್ನು ಕೇಳಿದರೆ ಆ ಸಂಜೆಯ ಅತಿ ಭಯಾನಕ ದೃಶ್ಯ ಅದೇ. ಎದುರಿಗೆ ಹೆಣ, ಕೊರಳಲ್ಲಿ ಗುಲಾಬಿ, ಬಾಯಲ್ಲಿ ಬೆಣ್ಣೆಯಂಥ ಮಾತು.

ಖಳನನ್ನು ಮೆಚ್ಚುವುದು ನಮಗೇನು ಹೊಸದಲ್ಲ. ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಗೆ ದೊಡ್ಡ ಹೆಸರು ತಂದ ವೀರಣ್ಣನವರನ್ನು ಜನ ನೆನೆಯುವುದು ‘ಸದಾರಮೆ’ಯ ಕಳ್ಳನ ಪಾತ್ರಕ್ಕೆ. ರಾಜಕುಮಾರನ ಪಾತ್ರ ಯಾರು ಮಾಡಿದರು ಅಂತ ಕೇಳಿ, ತಲೆ ಕೆರೆದುಕೊಳ್ಳುತ್ತಾರೆ. ಕಳ್ಳ ಸಿಕ್ಕಿಬೀಳುತ್ತಾನಾ ಇಲ್ಲವಾ ಅನ್ನುವುದು ಆಗಿನವರಿಗೂ ಮುಖ್ಯ ಆಗಿರಲಿಲ್ಲ. ಇವತ್ತು ಕಳ್ಳ ಏನು ಹೇಳಿ ನಗಿಸುತ್ತಾನೆ ಅಂತ ಕಾಯುತ್ತಿದ್ದರು.

ಇಂಟರ್‌ವಲ್ ಆದಮೇಲಿನ ಭಾಗ ಪೂರ್ತಿ ಬೀಗದ ಕೈಗಳದು. ಯಾರ ಕೈ ಯಾರ ಹತ್ತಿರ ಇತ್ತು, ಯಾವ ಬಾಗಿಲಿಗೆ ಯಾವುದು ಅಂತ ಇನ್‌ಸ್ಪೆಕ್ಟರ್ ಬಿಡಿಸುತ್ತಾ ಹೋಗುತ್ತಾನೆ. ಗಂಡಸರು ಸ್ವಲ್ಪ ಆಕಳಿಸಿದರು. ಹೆಂಗಸರು ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತರು. ದಿನಾ ಬಾಗಿಲು ಹಾಕಿ, ಕೈಯನ್ನು ಮೀಟರ್ ಬೋರ್ಡಿನ ಮೇಲೋ ತುಳಸಿಕಟ್ಟೆಯ ಸಂದಿಯಲ್ಲೋ ಇಟ್ಟು ಹೋಗುವವರು ಅವರೇ ತಾನೇ. ‘ಕಾರ್ಪೆಟ್ ಕೆಳಗೆ ಯಾರಾದ್ರೂ ಇಡ್ತಾರಾ, ಗುಡಿಸೋರಿಗೆ ಮೊದಲು ಸಿಗುತ್ತೆ’ ಅಂತ ಪಕ್ಕದ ಸಾಲಿನಲ್ಲಿ ಒಬ್ಬರು ತೀರ್ಪು ಕೊಟ್ಟರು. ಇನ್ನೊಬ್ಬರ ಅನುಮಾನ ಇನ್ನೂ ಮೂಲಭೂತವಾದದ್ದು: ಒಂಟಿ ಹೆಂಗಸು ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಳ್ಳದೆ ಮಲಗಿದ್ದಾದರೂ ಹೇಗೆ? ಇದಕ್ಕೆ ಫ್ರೆಡರಿಕ್ ನಾಟ್ ಬಳಿಯೂ ಉತ್ತರ ಇರಲಿಕ್ಕಿಲ್ಲ.

ಲಂಡನ್ನಿನಲ್ಲಿ ಇದೇ 1952ರಲ್ಲಿ ಶುರುವಾದ ಇನ್ನೊಂದು ಕೊಲೆ ನಾಟಕ ಇದೆ, ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’. ಕೊರೋನಾ ಬಂದು 2020ರಲ್ಲಿ ನಿಲ್ಲಿಸುವವರೆಗೂ ನಡೆಯಿತು, ಮರುವರ್ಷ ಮತ್ತೆ ಶುರುವಾಯಿತು. ಅಲ್ಲಿ ನಾಟಕ ಮುಗಿದ ಮೇಲೆ, ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ಸಂಪ್ರದಾಯ. ನಮ್ಮ ನಿರ್ದೇಶಕರೂ ಇದನ್ನು ಓದಿದ್ದಿರಬೇಕು. ಕೊನೆಗೆ ಮುಂದೆ ಬಂದು, ನಾಳೆಯೂ ಪ್ರದರ್ಶನ ಇದೆ, ದಯವಿಟ್ಟು ಕಥೆಯನ್ನು ಯಾರಿಗೂ ಹೇಳಬೇಡಿ ಅಂತ ಬೇಡಿಕೊಂಡರು. ಹೇಳುವಾಗ ಮೊದಲ ಸಾಲಿನ ಅತಿಥಿಗಳ ಕಡೆ ನೋಡಿದಂತಿತ್ತು. ಅವರು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದರು.

ಹೊರಗೆ ಬಂದರೆ ಗೇಟಿನ ಹತ್ತಿರ ಆಟೋಗೆ ಕಾಯುತ್ತಾ ಆ ಅಜ್ಜಿಯ ಸೊಸೆ ಫೋನಿನಲ್ಲಿದ್ದಳು. ‘ಹೂಂ ಅತ್ತಿಗೆ, ಗಂಡನೇ. ಹೂಂ, ಕೊನೇಲಿ ಸಿಕ್ಕಿಹಾಕ್ಕೊಳ್ತಾನೆ. ಎಲ್ಲಾ ಹೇಳಿದೀನಲ್ಲ, ಈಗ ನಿಮಗೆ ಸರಿಯಾಗಿ ಅರ್ಥ ಆಗುತ್ತೆ. ನಾಳೆ ಆರು ಗಂಟೆಗೇ ಬಂದ್ಬಿಡಿ, ನಾನೂ ಅಮ್ಮನೂ ಇನ್ನೊಂದ್ಸಲ ಬರ್ತೀವಿ. ಮುಂದಿನ ಸೀಟೇ ಹಿಡೀಬೇಕು. ಅವಳು ಕತ್ತರಿ ಹುಡುಕ್ತಾಳಲ್ಲ, ಅಲ್ಲಿ ಹಿಂದೆ ಕೂತ್ರೆ ಕೂಗಿದ್ದು ಅವಳಿಗೆ ಕೇಳ್ಸೋದೇ ಇಲ್ಲ.’